ಪೆಟ್ಟು ಮೊದಲನೇ ದಿನ, ಬಾವು ಮೂರನೇ ದಿನ: ನಮ್ಮ ಮೆದುಳಿನ ತಡೆಗೋಡೆಯ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಬೈಕ್ ಓಡಿಸ್ತಾ ಇದ್ರೆ ಮಾತ್ರ ದಯವಿಟ್ಟು ಪಕ್ಕಕ್ಕೆ ನಿಲ್ಲಿಸಿ, ಆಮೇಲೆ ಕೇಳಿ. ಯಾಕೆ ಅಂತ ಈಗಲೇ ಗೊತ್ತಾಗುತ್ತೆ.

ಇವತ್ತು ಒಂದು ಗೋಡೆಯ ಇತಿಹಾಸ ಹೇಳ್ತೀನಿ. ಆ ಗೋಡೆ ನನ್ನ ತಲೆಯೊಳಗೂ ಇದೆ, ನಿಮ್ಮ ತಲೆಯೊಳಗೂ ಇದೆ. ಅದು ಇದೆ ಅಂತ ಮನುಷ್ಯನಿಗೆ ಗೊತ್ತಾಗೋಕೆ, ಅದನ್ನ ಕಣ್ಣಾರೆ ನೋಡೋಕೆ 80 ವರ್ಷ ಹಿಡೀತು. ಅದು ಒಡೆದ್ರೆ ಏನಾಗುತ್ತೆ ಅಂತ ನನಗೆ ಗೊತ್ತಾಗಿದ್ದು ನಮ್ಮ ಕಾಕಾನಿಂದ.

ನಮ್ಮೂರು ಮಹಾಲಿಂಗಪುರ. ಬಾಗಲಕೋಟೆ ಜಿಲ್ಲೆ. ಬೆಲ್ಲದ ಮಾರುಕಟ್ಟೆಗೆ ಹೆಸರಾದ ಊರು. ಕಾಕಾ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೀತಾರೆ. ಕಬ್ಬು ನುರಿಯೋ ಸೀಸನ್ ಬಂತು ಅಂದ್ರೆ ನಮ್ಮ ಕಡೆ ರಸ್ತೆ ಹೇಗಿರುತ್ತೆ ಅಂತ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಕಡೆಯವರಿಗೆ ನಾನು ಹೇಳಬೇಕಿಲ್ಲ. ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಅದರ ಮೇಲೆ ಗುಡ್ಡದಷ್ಟು ಕಬ್ಬು. ರಾತ್ರಿ ಹಿಂದಿನ ಲೈಟ್ ಇರಲ್ಲ, ರಿಫ್ಲೆಕ್ಟರ್ ಇದ್ರೂ ಕಬ್ಬಿನ ರವದಿಯಲ್ಲಿ ಮುಚ್ಚಿಹೋಗಿರುತ್ತೆ. ಅಂಥ ಒಂದು ರಾತ್ರಿ, ಕೆಟ್ಟು ನಿಂತಿದ್ದ ಟ್ರೇಲರ್‌ಗೆ ಕಾಕಾನ ಬೈಕ್ ಹಿಂದಿನಿಂದ ಗುದ್ದಿತು. ಹೆಲ್ಮೆಟ್ ಮನೆಯ ಗೂಟಕ್ಕೆ ನೇತಾಡ್ತಾ ಇತ್ತು.

ನಾವು ಓಡಿ ಹೋದಾಗ ಅವರು ಎದ್ದು ಕೂತಿದ್ರು. ಹಣೆಯಲ್ಲಿ ರಕ್ತ. "ಏನೂ ಆಗಿಲ್ಲೋ ತಮ್ಮಾ, ಸುಮ್ನ ಗಾಬರಿ ಆಗಬ್ಯಾಡ್ರಿ, ಒಂದು ಚಾ ಕೊಡ್ರಿ" ಅಂದ್ರು. ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಹೊಲಿಗೆ ಹಾಕಿದ್ರು, ಸಿಟಿ ಸ್ಕ್ಯಾನ್ ಮಾಡಿಸಿದ್ರು. "ಹಣೆ ಹಿಂದಿನ ಮೆದುಳಿನ ಭಾಗ ಸ್ವಲ್ಪ ಕಂದಿದೆ, ಸಣ್ಣ ಚುಕ್ಕೆಯಷ್ಟು ರಕ್ತ ಇದೆ, ಮೂರು ನಾಲ್ಕು ದಿನ ಇಲ್ಲೇ ಇರಲಿ" ಅಂದ್ರು ಡಾಕ್ಟರು. ಮರುದಿನ ಕಾಕಾ ಊಟ ಮಾಡಿದ್ರು, ಎಲ್ಲರ ಹೆಸರು ಹೇಳಿದ್ರು, ಅಂಗಡಿಯ ಲೆಕ್ಕ ಕೇಳಿದ್ರು. ಮನೆಗೆ ಹೋಗ್ತೀನಿ ಅಂತ ಹಟ ಹಿಡಿದ್ರು. ಡಾಕ್ಟರು ಬೇಡ ಅಂದ್ರೂ ನಾವೇ ಬರೆದುಕೊಟ್ಟು ಕರ್ಕೊಂಡು ಬಂದ್ವಿ. ಆ ಕಾಗದಕ್ಕೆ ಸಹಿ ಮಾಡಿದವನು ನಾನು.

ಮೂರನೇ ದಿನ ಮಧ್ಯಾಹ್ನ ಕಾಕು ಕೂಗಿದ್ರು: "ಇವರು ಎಬ್ಬಿಸಿದ್ರೂ ಏಳವಲ್ರಲ್ಲೋ." ಕಾಕಾ ಎರಡು ಸಲ ವಾಂತಿ ಮಾಡಿದ್ರಂತೆ, ಆಮೇಲೆ ಮಲಗಿದವರು ಕಣ್ಣೇ ಬಿಡ್ತಿರಲಿಲ್ಲ. ಮತ್ತೆ ಆಸ್ಪತ್ರೆ, ಮತ್ತೆ ಸ್ಕ್ಯಾನ್. ಮೊದಲ ಸ್ಕ್ಯಾನ್‌ನಲ್ಲಿ ಚುಕ್ಕೆ ಇದ್ದ ಕಡೆ ಈಗ ಸುತ್ತಲೂ ದೊಡ್ಡ ಕಪ್ಪು ನೆರಳು. "ಬಾವು ಬಂದಿದೆ" ಅಂದ್ರು.

ಅವತ್ತು ಐಸಿಯು ಬಾಗಿಲ ಹೊರಗೆ ಕೂತಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಪೆಟ್ಟು ಬಿದ್ದಿದ್ದು ಮೊದಲನೇ ದಿನ. ಹಾಗಾದ್ರೆ ಬಾವು ಮೂರನೇ ದಿನ ಯಾಕೆ? ಅದಕ್ಕೆ ಉತ್ತರ ಹುಡುಕ್ತಾ ಹೋದವನು ನಾನು ಜರ್ಮನಿಯ ಒಂದು ಪ್ರಯೋಗಾಲಯಕ್ಕೆ ಹೋಗಿ ಮುಟ್ಟಿದೆ.

ಬಣ್ಣ ಹತ್ತದ ಮೆದುಳು

1885. ಪೌಲ್ ಎರ್ಲಿಕ್ ಅನ್ನೋ ಯುವ ವೈದ್ಯ. ಆಗ ಜರ್ಮನಿಯಲ್ಲಿ ಬಟ್ಟೆಗೆ ಹಾಕೋ ಕೃತಕ ಬಣ್ಣಗಳ ಕಾರ್ಖಾನೆಗಳು ಜೋರಾಗಿ ಬೆಳೀತಾ ಇದ್ದ ಕಾಲ. ಎರ್ಲಿಕ್‌ಗೆ ಈ ಬಣ್ಣಗಳ ಹುಚ್ಚು. ಯಾವ ಬಣ್ಣ ದೇಹದ ಯಾವ ಭಾಗಕ್ಕೆ ಹತ್ತುತ್ತೆ ಅಂತ ನೋಡೋದೇ ಅವನ ಕೆಲಸ. ಮಗ್ಗದ ಊರಿನವರಿಗೆ ಇದು ಬೇಗ ಅರ್ಥ ಆಗುತ್ತೆ. ಒಂದೇ ಬಣ್ಣದ ನೀರಿಗೆ ಹತ್ತಿ ನೂಲು ಅದ್ದಿದ್ರೆ ಒಂದು ಥರ, ರೇಷ್ಮೆ ಅದ್ದಿದ್ರೆ ಇನ್ನೊಂದು ಥರ ಹತ್ತುತ್ತೆ, ಅಲ್ವಾ?

ಅವನು ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿದ. ಆಮೇಲೆ ಕೊಯ್ದು ನೋಡಿದ. ಲಿವರ್, ಕಿಡ್ನಿ, ಸ್ನಾಯು, ಎಲ್ಲಕ್ಕೂ ಬಣ್ಣ ಹತ್ತಿತ್ತು. ಮೆದುಳು ಮತ್ತು ಬೆನ್ನುಹುರಿ ಮಾತ್ರ ಬೆಳ್ಳಗೆ ಹಾಗೇ ಇದ್ವು.

ಎರ್ಲಿಕ್ ಏನಂದುಕೊಂಡ? ಮೆದುಳಿಗೆ ಈ ಬಣ್ಣ ಹತ್ತಲ್ಲ, ಅದರ ಗುಣವೇ ಹಾಗೆ ಅಂತ. ಅದು ತಪ್ಪು. 1908ರಲ್ಲಿ ನೊಬೆಲ್ ಬಹುಮಾನ ಪಡೆದ ಮನುಷ್ಯ, ಆದ್ರೆ ತನ್ನ ಕಣ್ಣೆದುರೇ ಇದ್ದ ಗೋಡೆ ಅವನಿಗೆ ಕಾಣಲಿಲ್ಲ.

ತಪ್ಪು ತೋರಿಸಿದ್ದು ಅವನ ಶಿಷ್ಯ ಎಡ್ವಿನ್ ಗೋಲ್ಡ್‌ಮನ್. ಟ್ರಿಪಾನ್ ಬ್ಲೂ ಅಂತ ಒಂದು ನೀಲಿ ಬಣ್ಣ ಇದೆ. 1909ರಲ್ಲಿ ಗೋಲ್ಡ್‌ಮನ್ ಅದನ್ನ ರಕ್ತಕ್ಕೆ ಚುಚ್ಚಿದ. ಮೈಯೆಲ್ಲ ನೀಲಿ, ಮೆದುಳು ಬಿಳಿ. ಗುರು ಕಂಡಿದ್ದೇ ಇವನಿಗೂ ಕಂಡಿತು. ಆದ್ರೆ 1913ರಲ್ಲಿ ಅವನು ಇನ್ನೊಂದು ಕೆಲಸ ಮಾಡಿದ. ಅದೇ ಬಣ್ಣವನ್ನ ರಕ್ತಕ್ಕೆ ಬದಲು ಮೆದುಳು, ಬೆನ್ನುಹುರಿಯ ಸುತ್ತ ಇರೋ ದ್ರವಕ್ಕೆ ನೇರವಾಗಿ ಹಾಕಿದ. ಈಗ ಎಲ್ಲಾ ಉಲ್ಟಾ. ಮೆದುಳು ಪೂರ್ತಿ ನೀಲಿ, ಮೈ ಬಿಳಿ.

ಅಂದ್ರೆ ಮೆದುಳಿಗೆ ಬಣ್ಣ ಚೆನ್ನಾಗೇ ಹತ್ತುತ್ತೆ. ರಕ್ತದಿಂದ ಅಲ್ಲಿಗೆ ಹೋಗೋಕೆ ದಾರಿ ಇಲ್ಲ, ಅಲ್ಲಿಂದ ಹೊರಗೆ ಬರೋಕೂ ದಾರಿ ಇಲ್ಲ. ನಡುವೆ ಏನೋ ಅಡ್ಡ ಇದೆ.

ಗೋಡೆಗೆ ಹೆಸರಿಟ್ಟ ಹೆಂಗಸು

ಆ "ಏನೋ"ಗೆ ಹೆಸರು ಕೊಟ್ಟಿದ್ದು ಲಿನಾ ಸ್ಟರ್ನ್. ಅವರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಈ ಹೆಸರು ನಮ್ಮ ಪಠ್ಯಪುಸ್ತಕದಲ್ಲಿ ನಾನಂತೂ ನೋಡಿಲ್ಲ.

1878ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಬಾಲ್ಟಿಕ್ ತೀರದ ಯಹೂದಿ ಮನೆತನದಲ್ಲಿ ಹುಟ್ಟಿದವರು. ಓದೋಕೆ ಸ್ವಿಟ್ಜರ್ಲೆಂಡ್‌ನ ಜಿನೀವಾಕ್ಕೆ ಹೋದ್ರು. 1918ರಲ್ಲಿ ಜಿನೀವಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದ ಮೊದಲ ಮಹಿಳೆ ಆದ್ರು. ಸಹೋದ್ಯೋಗಿ ರೇಮಂಡ್ ಗೋಟಿಯೆ ಜೊತೆ ಸೇರಿ ಒಂದೊಂದೇ ಔಷಧಿ, ಒಂದೊಂದೇ ಪದಾರ್ಥ ಹಿಡಿದು ಪರೀಕ್ಷೆ ಮಾಡಿದ್ರು. ಯಾವುದು ರಕ್ತದಿಂದ ಮೆದುಳಿಗೆ ದಾಟುತ್ತೆ, ಯಾವುದು ದಾಟಲ್ಲ. 1921ರಲ್ಲಿ ಅವರು ಫ್ರೆಂಚ್‌ನಲ್ಲಿ ಇಟ್ಟ ಹೆಸರೇ ನಾವು ಈಗ ಕನ್ನಡದಲ್ಲಿ ಹೇಳೋ "ರಕ್ತ-ಮೆದುಳು ತಡೆಗೋಡೆ". ಎಲ್ಲವನ್ನೂ ತಡೆಯೋ ಕಲ್ಲಿನ ಗೋಡೆ ಅಂತ ಅವರು ಹೇಳಲಿಲ್ಲ. ಇದು ಆರಿಸಿ ಒಳಗೆ ಬಿಡುತ್ತೆ, ಮೆದುಳಿನ ಒಳಗಿನ ಪರಿಸ್ಥಿತಿಯನ್ನ ಕಾಯುತ್ತೆ ಅಂದ್ರು.

1925ರಲ್ಲಿ ಅವರು ಮಾಸ್ಕೋಗೆ ಹೋದ್ರು. 1939ರಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಪೂರ್ಣ ಸದಸ್ಯರಾದ ಮೊದಲ ಮಹಿಳೆ. ಕ್ಷಯ ಮೆದುಳಿನ ಪೊರೆಗೆ ಹರಡಿದಾಗ ರಕ್ತಕ್ಕೆ ಕೊಟ್ಟ ಔಷಧಿ ಈ ಗೋಡೆ ದಾಟಲ್ಲ ಅಂತ ಅವರಿಗೆ ಗೊತ್ತಿತ್ತು. ಅದಕ್ಕೇ ಸ್ಟ್ರೆಪ್ಟೊಮೈಸಿನ್ ಅನ್ನ ನೇರವಾಗಿ ಮೆದುಳಿನ ಸುತ್ತಲಿನ ದ್ರವಕ್ಕೇ ಕೊಡಿಸಿದ್ರು.

ಆಮೇಲೆ ಸ್ಟಾಲಿನ್ ಸರ್ಕಾರ 1949ರಲ್ಲಿ ಅವರನ್ನ ಬಂಧಿಸ್ತು. ಯುದ್ಧದ ಕಾಲದಲ್ಲಿ ಅವರಿದ್ದ ಯಹೂದಿ ಸಮಿತಿಯ ಮೇಲೆ ದೇಶದ್ರೋಹದ ಆರೋಪ. 1952ರ ಆಗಸ್ಟ್‌ನಲ್ಲಿ ಆ ಮೊಕದ್ದಮೆಯ 13 ಜನರನ್ನ ಗುಂಡಿಟ್ಟು ಕೊಂದ್ರು. ಶಿಕ್ಷೆಯಾದವರಲ್ಲಿ ಬದುಕಿ ಉಳಿದಿದ್ದು ಲಿನಾ ಸ್ಟರ್ನ್ ಒಬ್ಬರೇ. ಗಡಿಪಾರಾದ್ರು. 1953ರಲ್ಲಿ ಸ್ಟಾಲಿನ್ ಸತ್ತ ಮೇಲೆ ವಾಪಸ್ ಬಂದು ಮತ್ತೆ ಪ್ರಯೋಗಾಲಯಕ್ಕೆ ಹೋದ್ರು. 1968ರಲ್ಲಿ ತೀರಿಕೊಂಡ್ರು. ಅದಕ್ಕೆ ಒಂದು ವರ್ಷ ಮೊದಲು, ಅವರು ಹೆಸರಿಟ್ಟ ಆ ಗೋಡೆಯನ್ನ ಕೊನೆಗೂ ಮನುಷ್ಯ ಕಣ್ಣಾರೆ ನೋಡಿದ್ದ.

ಗೋಡೆ ಎಲ್ಲಿದೆ?

1967. ಅಮೆರಿಕದ ಹಾರ್ವರ್ಡ್. ಥಾಮಸ್ ರೀಸ್ ಮತ್ತು ಮೋರಿಸ್ ಕಾರ್ನೋವ್ಸ್ಕಿ ಒಂದು ಪ್ರೋಟೀನನ್ನ ಇಲಿಯ ರಕ್ತಕ್ಕೆ ಬಿಟ್ಟು, ಅದು ಎಲ್ಲಿ ಹೋಗಿ ನಿಲ್ಲುತ್ತೆ ಅಂತ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರು. ಅದು ನಿಂತಿದ್ದು ರಕ್ತನಾಳದ ಒಳಮೈ ಕೋಶಗಳ ಸಂದಿಯಲ್ಲಿ.

ಅಂದ್ರೆ ಮೆದುಳಿನ ಸುತ್ತ ಪೇಟೆ ಕೋಟೆ ಥರ ಒಂದು ಗೋಡೆ ಇಲ್ಲ. ಮೆದುಳಿನೊಳಗೆ ಹರಡಿರೋ ಒಂದೊಂದು ಕೂದಲಿಗಿಂತ ಸಣ್ಣ ರಕ್ತನಾಳದ ಮೈಯೇ ಗೋಡೆ. ಮನುಷ್ಯನ ಮೆದುಳಿನ ಇಂಥ ನಾಳಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದ್ರೆ ಸುಮಾರು 600 ಕಿಲೋಮೀಟರ್ ಆಗುತ್ತೆ ಅಂತ ಅಂದಾಜು. ಮಹಾಲಿಂಗಪುರದಿಂದ ಬೆಂಗಳೂರಿಗೆ ಹೋಗೋ ದಾರಿಗಿಂತ ಉದ್ದ. ಇದೆಲ್ಲ ಇರೋದು ಸುಮಾರು 1.4 ಕಿಲೋ ತೂಕದ ಮೆದುಳಿನೊಳಗೆ.

ಗಾಣದಲ್ಲಿ ಕಬ್ಬಿನ ಹಾಲು ಸೋಸೋ ಅರಿವಿ ನೋಡಿದ್ದೀರಲ್ಲ? ಎಳೆಗಳ ನಡುವೆ ಸಂದಿ ಇರುತ್ತೆ, ಹಾಲು ಇಳಿಯುತ್ತೆ. ಮೈಯ ಬೇರೆ ಕಡೆ ರಕ್ತನಾಳಗಳು ಹೆಚ್ಚುಕಡಿಮೆ ಹಾಗೇ. ಕೋಶಗಳ ನಡುವಿನ ಸಂದಿಯಿಂದ ನೀರು, ಉಪ್ಪು, ಸಣ್ಣಪುಟ್ಟ ಪದಾರ್ಥ ಹೊರಗೆ ಒಸರುತ್ತೆ. ಮೆದುಳಿನಲ್ಲಿ ಹಾಗಿಲ್ಲ. ಒಂದು ಕೋಶದ ಅಂಚನ್ನ ಪಕ್ಕದ ಕೋಶದ ಅಂಚಿಗೆ ಬಿಗಿಯಾಗಿ ಹೊಲಿದಿದೆ. ಆ ಹೊಲಿಗೆಯ ದಾರಗಳು ಪ್ರೋಟೀನುಗಳು. ಅದರಲ್ಲಿ ಮುಖ್ಯವಾದದ್ದು ಕ್ಲಾಡಿನ್-5. 2003ರಲ್ಲಿ ಜಪಾನಿನ ವಿಜ್ಞಾನಿಗಳು ಈ ಒಂದು ದಾರ ಇಲ್ಲದ ಇಲಿಮರಿಗಳನ್ನ ಬೆಳೆಸಿ ನೋಡಿದ್ರು. ಸಣ್ಣ ಅಣುಗಳೆಲ್ಲ ಮೆದುಳಿಗೆ ನುಗ್ಗಿದ್ವು. ಮರಿಗಳು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಸತ್ತವು.

ಹೊಲಿಗೆಯ ಹೊರಗಡೆ ಇನ್ನೂ ಕಾವಲು ಇದೆ. ನಾಳವನ್ನ ಅಪ್ಪಿಕೊಂಡ ಪೆರಿಸೈಟ್ ಕೋಶಗಳು, ಒಂದು ತೆಳು ಪೊರೆ, ಅದರ ಮೇಲೆ ಆಸ್ಟ್ರೋಸೈಟ್ ಅನ್ನೋ ನಕ್ಷತ್ರದಾಕಾರದ ಕೋಶಗಳ ಪಾದಗಳು. ಸಕ್ಕರೆ, ಅಮೈನೋ ಆಮ್ಲದಂಥ ಬೇಕಾದ ವಸ್ತುಗಳಿಗೆ ಪ್ರತ್ಯೇಕ ಬಾಗಿಲುಗಳಿವೆ. ಆಮ್ಲಜನಕ ಸಲೀಸಾಗಿ ದಾಟುತ್ತೆ. ರಕ್ತದ ಪ್ರೋಟೀನುಗಳಿಗೆ ಮಾತ್ರ ಪ್ರವೇಶ ಇಲ್ಲ.

ಪೆಟ್ಟು ಬಿದ್ದಾಗ

ಈಗ ಕಾಕಾನ ಹಣೆಗೆ ವಾಪಸ್ ಬರೋಣ.

ಗುದ್ದಿದ ಆ ಕ್ಷಣದಲ್ಲಿ ಕೆಲವು ಸಣ್ಣ ನಾಳಗಳು ಹರಿದವು. ಮೊದಲ ಸ್ಕ್ಯಾನ್‌ನಲ್ಲಿ ಕಂಡ ಚುಕ್ಕೆ ಅದು. ಅದು ಮೊದಲನೇ ಗಾಯ. ಅದನ್ನ ಯಾವ ಡಾಕ್ಟರೂ ವಾಪಸ್ ಮಾಡೋಕಾಗಲ್ಲ. ಹೆಲ್ಮೆಟ್ ಮಾತ್ರ ತಡೀಬಹುದಿತ್ತು.

ಎರಡನೇ ಗಾಯ ಆಮೇಲೆ ಶುರುವಾಗುತ್ತೆ, ಮತ್ತು ಅದು ನಿಧಾನ. ಪೆಟ್ಟಿನ ಜಾಗದ ಸುತ್ತಲಿನ ನಾಳಗಳು ಹರಿದಿರಲ್ಲ, ಆದ್ರೆ ತೊಂದರೆಯಲ್ಲಿರ್ತವೆ. ಸಾಯ್ತಿರೋ ನರಕೋಶಗಳು ಗ್ಲುಟಮೇಟ್ ಅನ್ನೋ ರಾಸಾಯನಿಕವನ್ನ ಅಳತೆ ಮೀರಿ ಸುರೀತವೆ. ಉರಿಯೂತದ ಸಂಕೇತಗಳು ಹೊರಡ್ತವೆ. ರಕ್ತದ ಬಿಳಿ ಕೋಶಗಳು ಬಂದು ನಾಳದ ಒಳಮೈಗೆ ಅಂಟಿಕೊಳ್ತವೆ. ಎಂಎಂಪಿ-9 ಅಂತ ಒಂದು ಕಿಣ್ವ ಇದೆ. ಗಾಯದ ಜಾಗ ಸ್ವಚ್ಛ ಮಾಡೋದು, ದುರಸ್ತಿಗೆ ಅನುವು ಮಾಡೋದು ಅದರ ಕೆಲಸ. ಆದ್ರೆ ಅದು ಹೆಚ್ಚಾದಾಗ ನಾಳದ ಹೊರಪೊರೆಯನ್ನೂ, ನಾನು ಹೇಳಿದ ಆ ಹೊಲಿಗೆಯ ದಾರಗಳನ್ನೂ ಕತ್ತರಿಸ್ತಾ ಹೋಗುತ್ತೆ.

ಹೊಲಿಗೆ ಬಿಚ್ಚಿತು ಅಂದ್ರೆ ರಕ್ತದ ಅಲ್ಬುಮಿನ್ ಅನ್ನೋ ಪ್ರೋಟೀನು ಮೆದುಳಿನೊಳಗೆ ಸೋರುತ್ತೆ. ಅದರ ಹಿಂದೆ ನೀರು ಬರುತ್ತೆ. ಗೋಲ್ಡ್‌ಮನ್‌ನ ನೀಲಿ ಬಣ್ಣ ನೆನಪಿದೆಯಾ? ಆ ಬಣ್ಣ ರಕ್ತದಲ್ಲಿ ಅಲ್ಬುಮಿನ್‌ಗೇ ಅಂಟಿಕೊಂಡು ಓಡಾಡುತ್ತೆ. ಹಾಗಾಗಿ ಪೆಟ್ಟು ಬಿದ್ದ ಪ್ರಾಣಿಯ ರಕ್ತಕ್ಕೆ ಆ ಥರದ ನೀಲಿ ಚುಚ್ಚಿದ್ರೆ, ಬಿಳಿ ಮೆದುಳಿನಲ್ಲಿ ಗಾಯದ ಸುತ್ತ ಮಾತ್ರ ನೀಲಿ ಕಲೆ ಕಾಣುತ್ತೆ. ಗೋಡೆ ಎಲ್ಲಿ ಒಡೆದಿದೆ ಅಂತ ಬಣ್ಣವೇ ತೋರಿಸುತ್ತೆ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲೇ. ಇಲಿಗಳ ಮೆದುಳಿಗೆ ಪೆಟ್ಟು ಕೊಟ್ಟು, ಬೇರೆ ಬೇರೆ ಹೊತ್ತಿಗೆ ಇಂಥ ಬಣ್ಣ ಹಾಕಿ ನೋಡಿದ 1990ರ ದಶಕದ ಪ್ರಯೋಗಗಳಲ್ಲಿ, ಗೋಡೆ ಎರಡು ಸಲ ತೆರೆದುಕೊಂಡಿದ್ದು ಕಂಡಿತು. ಮೊದಲ ಕೆಲವು ಗಂಟೆಗಳಲ್ಲಿ ಒಮ್ಮೆ. ಸ್ವಲ್ಪ ಮುಚ್ಚಿಕೊಂಡ ಹಾಗೆ ಆಗಿ, ಮತ್ತೆ ಮೂರನೇ ದಿನದ ಹೊತ್ತಿಗೆ ಇನ್ನೊಮ್ಮೆ. ಇಲಿಯ ಗಡಿಯಾರವೂ ಮನುಷ್ಯನ ಗಡಿಯಾರವೂ ಒಂದೇ ಅಂತ ನಾನು ಹೇಳಲ್ಲ. ಆದ್ರೆ ಕಂದಿದ ಮೆದುಳಿನ ಬಾವು ಮೊದಲ ಕೆಲವು ದಿನ ಏರ್ತಾ ಹೋಗುತ್ತೆ ಅನ್ನೋದು ಐಸಿಯು ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಅವರು "ಮೂರು ನಾಲ್ಕು ದಿನ ಇಲ್ಲೇ ಇರಲಿ" ಅಂದಿದ್ದು. ಬಿಲ್ ಏರಿಸೋಕೆ ಅಂದಿದ್ದು ಅಂತ ನಾವು ಅಂದುಕೊಂಡ್ವಿ.

ಜಾಗವಿಲ್ಲದ ಕೋಣೆ

ಕಾಲು ಉಳುಕಿದ್ರೂ ಬಾವು ಬರುತ್ತೆ. ಯಾರೂ ಸಾಯಲ್ಲ. ಚರ್ಮ ಹಿಗ್ಗುತ್ತೆ. ತಲೆಬುರುಡೆ ಹಿಗ್ಗಲ್ಲ. 1783ರಲ್ಲೇ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೋ ಇದನ್ನ ಹೇಳಿದ್ದ. ಬುರುಡೆ ಒಂದು ಮುಚ್ಚಿದ ಪೆಟ್ಟಿಗೆ. ಒಳಗಿರೋದು ಮೆದುಳು, ರಕ್ತ, ದ್ರವ. ಒಂದು ಹೆಚ್ಚಾದ್ರೆ ಇನ್ನೊಂದು ಜಾಗ ಬಿಡಬೇಕು. ಮೊದಲು ದ್ರವ ಜಾಗ ಬಿಡುತ್ತೆ, ಆಮೇಲೆ ರಕ್ತ. ಅದೂ ಮುಗಿದ ಮೇಲೆ ಒಳಗಿನ ಒತ್ತಡ ಸರ್ರನೆ ಏರುತ್ತೆ. ಹೊಸ ರಕ್ತ ಒಳಗೆ ಬರೋಕಾಗಲ್ಲ. ರಕ್ತ ಬರದಿದ್ರೆ ಇನ್ನಷ್ಟು ಕೋಶ ಸಾಯುತ್ತೆ, ಇನ್ನಷ್ಟು ಬಾವು. ಕಾಕಾ ಎರಡನೇ ದಿನ ಚೆನ್ನಾಗಿ ಮಾತಾಡಿ, ಮೂರನೇ ದಿನ ಕಣ್ಣು ಬಿಡದೆ ಮಲಗಿದ್ದು ಹೀಗೆ. ಮೊದಲ ಎರಡು ದಿನ ಪೆಟ್ಟಿಗೆಯಲ್ಲಿ ಬಿಟ್ಟುಕೊಡೋಕೆ ಜಾಗ ಇತ್ತು.

1967ರಲ್ಲೇ, ಅಂದ್ರೆ ರೀಸ್ ಗೋಡೆ ನೋಡಿದ ವರ್ಷವೇ, ಇಗೋರ್ ಕ್ಲಾಟ್ಸೋ ಅನ್ನೋ ವಿಜ್ಞಾನಿ ಮೆದುಳಿನ ಬಾವನ್ನ ಎರಡು ಜಾತಿ ಮಾಡಿದ್ರು. ಗೋಡೆ ಸೋರಿ ಬರೋ ಬಾವು ಒಂದು. ಗೋಡೆ ಗಟ್ಟಿ ಇದ್ರೂ ಕೋಶಗಳೇ ನೀರು ಕುಡಿದು ಉಬ್ಬೋ ಬಾವು ಇನ್ನೊಂದು. ತಲೆಗೆ ಪೆಟ್ಟು ಬಿದ್ದಾಗ ಎರಡೂ ಇರುತ್ತೆ. ಎಲ್ಲಾ ತಪ್ಪನ್ನೂ ಗೋಡೆಯ ಮೇಲೆ ಹಾಕೋಕಾಗಲ್ಲ. ಈ ವ್ಯತ್ಯಾಸ ಯಾಕೆ ಮುಖ್ಯ ಅಂತ ಜಗತ್ತು ದೊಡ್ಡ ಬೆಲೆ ಕೊಟ್ಟು ಕಲೀತು.

ಎಲ್ಲರೂ ನಂಬಿದ್ದ ಔಷಧಿ

ಐಸಿಯು ಹೊರಗೆ ನಮ್ಮ ಸಂಬಂಧಿಕರೊಬ್ಬರು ಡಾಕ್ಟರ್ ಜೊತೆ ಜಗಳಕ್ಕೇ ನಿಂತ್ರು. "ನಮ್ಮ ಮಾವಗ ಮೆದುಳಾಗ ಗಡ್ಡಿ ಆದಾಗ ಸ್ಟೆರಾಯ್ಡ್ ಕೊಟ್ಟಿದ್ರಿ, ಎರಡ ದಿನದಾಗ ಎದ್ದು ಕುಂತಿದ್ರು. ಇವರಿಗ್ಯಾಕ ಕೊಡವಲ್ರಿ?"

ತಪ್ಪು ಪ್ರಶ್ನೆ ಅಲ್ಲ. 1960ರ ದಶಕದ ಆರಂಭದಿಂದ ಮೆದುಳಿನ ಗಡ್ಡೆಯ ಸುತ್ತಲಿನ ಬಾವಿಗೆ ಸ್ಟೆರಾಯ್ಡ್ ಕೊಡ್ತಾರೆ, ನಿಜವಾಗಿ ಕೆಲಸ ಮಾಡುತ್ತೆ. ಅಲ್ಲಿ ಬಾವು ಅಂದ್ರೆ ಮುಖ್ಯವಾಗಿ ಸೋರೋ ಗೋಡೆ. ಹಾಗಿದ್ರೆ ಪೆಟ್ಟಿನ ಬಾವಿಗೂ ಕೊಡೋಣ ಅಂತ ಪ್ರಪಂಚದ ಎಷ್ಟೋ ಆಸ್ಪತ್ರೆಗಳು ದಶಕಗಳ ಕಾಲ ಕೊಟ್ಟವು. ಕೇಳೋಕೆ ಸರಿ ಅನ್ಸುತ್ತೆ, ಅಲ್ವಾ?

ಕೊನೆಗೆ ಕ್ರ್ಯಾಶ್ ಅನ್ನೋ ಹೆಸರಿನ ದೊಡ್ಡ ಪರೀಕ್ಷೆ ಮಾಡಿದ್ರು. ತಲೆಗೆ ಪೆಟ್ಟು ಬಿದ್ದ ವಯಸ್ಕರಲ್ಲಿ ಅರ್ಧ ಜನಕ್ಕೆ ಸ್ಟೆರಾಯ್ಡ್, ಅರ್ಧ ಜನಕ್ಕೆ ಔಷಧಿ ಇಲ್ಲದ ಬಾಟಲಿ. 20,000 ಜನರನ್ನ ಸೇರಿಸಬೇಕು ಅಂತ ಲೆಕ್ಕ ಇತ್ತು. 10,008 ಜನಕ್ಕೇ ನಿಲ್ಲಿಸಬೇಕಾಯ್ತು. 2004ರಲ್ಲಿ ಫಲಿತಾಂಶ ಬಂತು. ಎರಡು ವಾರದೊಳಗೆ ಸತ್ತವರು ಸ್ಟೆರಾಯ್ಡ್ ಪಡೆದವರಲ್ಲಿ ಶೇ 21.1, ಪಡೆಯದವರಲ್ಲಿ ಶೇ 17.9.

ಅಂದ್ರೆ ಪ್ರತಿ 100 ಜನರಲ್ಲಿ ಸುಮಾರು 3 ಜನ ಹೆಚ್ಚು ಸತ್ತಿದ್ದರು. ಉಳಿಸೋಕೆ ಅಂತ ಕೊಟ್ಟ ಔಷಧಿಯಿಂದ. ಅದಕ್ಕೆ ಮುಂಚಿನ ಅಷ್ಟೂ ವರ್ಷಗಳಲ್ಲಿ ಎಷ್ಟು ಜನಕ್ಕೆ ಹೀಗಾಯ್ತೋ. ಹೊರಗಿನಿಂದ ಒಂದೇ ಥರ ಕಾಣೋ ಎರಡು ಬಾವು, ಒಳಗೆ ಬೇರೆ ಬೇರೆ. ಅವತ್ತು ನಮ್ಮ ಸಂಬಂಧಿಕರ ಮುಂದೆ ಆ ಡಾಕ್ಟರು ಸಿಟ್ಟಾಗದೆ ಇಷ್ಟೇ ಹೇಳಿದ್ರು: "ಅದು ಬೇರೆ ರೀ, ಇದು ಬೇರೆ. ಕೊಟ್ರೆ ಇವರಿಗೆ ಕೆಟ್ಟದಾಗುತ್ತೆ."

ಬದಲಿಗೆ ಕಾಕಾಗೆ ಮ್ಯಾನಿಟಾಲ್ ಕೊಟ್ರು. ಇದರಲ್ಲೂ ಒಂದು ತಮಾಷೆ ಇದೆ. ಮ್ಯಾನಿಟಾಲ್ ಒಂದು ಸಕ್ಕರೆಯಂಥ ಪದಾರ್ಥ, ಗೋಡೆ ದಾಟಲ್ಲ. ರಕ್ತದಲ್ಲೇ ಉಳಿದು ಮೆದುಳಿನ ನೀರನ್ನ ತನ್ನ ಕಡೆ ಎಳೆಯುತ್ತೆ. ಹಾಗೆ ಎಳೆಯೋಕೆ ಗೋಡೆ ಗಟ್ಟಿ ಇರಬೇಕು. ಅಂದ್ರೆ ಅದು ಒಡೆದ ಜಾಗದ ನೀರನ್ನ ಅಷ್ಟಾಗಿ ಎಳೆಯಲ್ಲ. ಚೆನ್ನಾಗಿರೋ ಮೆದುಳನ್ನ ಸ್ವಲ್ಪ ಒಣಗಿಸಿ, ಗಾಯಗೊಂಡ ಭಾಗಕ್ಕೆ ಜಾಗ ಮಾಡಿಕೊಡುತ್ತೆ. ಮನೆಯಲ್ಲಿ ಒಬ್ಬರಿಗೆ ಹುಷಾರಿಲ್ಲ ಅಂದ್ರೆ ಉಳಿದವರು ಒತ್ತರಿಸಿಕೊಂಡು ಮಲಗ್ತಾರಲ್ಲ, ಹಾಗೆ.

ಜೊತೆಗೆ ತಲೆಯನ್ನ ಎತ್ತರದಲ್ಲಿಟ್ಟಿದ್ರು, ಆಮ್ಲಜನಕ, ರಕ್ತದೊತ್ತಡ ಇಳಿಯದ ಹಾಗೆ ಕಾದ್ರು. ಒತ್ತಡ ಇಳಿಯದಿದ್ರೆ ಬುರುಡೆಯ ಒಂದು ತುಂಡು ತೆಗೆದು ಜಾಗ ಮಾಡಬೇಕಾಗಬಹುದು ಅಂದಿದ್ರು. ಅದು ಬೇಕಾಗಲಿಲ್ಲ. ಏಳನೇ ದಿನ ಕಾಕಾ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, "ಮಾರ್ಕೆಟ್ ರೇಟ್ ಎಷ್ಟ ಐತಿ?"

ಬಿಚ್ಚಿದ ಹೊಲಿಗೆಯನ್ನ ಮತ್ತೆ ಹಾಕೋ ಔಷಧಿ ಇವತ್ತಿಗೂ ಇಲ್ಲ. ಪ್ರಯೋಗಾಲಯಗಳಲ್ಲಿ ಹುಡುಕಾಟ ನಡೀತಾ ಇದೆ. ಸದ್ಯಕ್ಕೆ ಡಾಕ್ಟರು ಮಾಡೋದು ಗೋಡೆ ತಾನೇ ದುರಸ್ತಿ ಆಗೋ ತನಕ ರೋಗಿಯನ್ನ ಉಳಿಸಿಕೊಳ್ಳೋ ಕೆಲಸ.

ಬೆಂಗಳೂರಿನಲ್ಲಿ ಒಂದು ಮೆದುಳು

ಕೆಲವು ತಿಂಗಳ ಮೇಲೆ ಬೆಂಗಳೂರಿಗೆ ಹೋದಾಗ ನಿಮ್ಹಾನ್ಸ್‌ನ ಮೆದುಳು ಮ್ಯೂಸಿಯಂ ನೋಡೋಕೆ ಹೋದೆ. ನಿಮ್ಹಾನ್ಸ್ ಈಗಿನ ರೂಪಕ್ಕೆ ಬಂದಿದ್ದು 1974ರಲ್ಲಿ. ಅಲ್ಲಿ ಡಾ. ಎಸ್. ಕೆ. ಶಂಕರ್ ಕಟ್ಟಿದ ಮಾನವ ಮೆದುಳು ಬ್ಯಾಂಕ್ 1995ರಿಂದ ನಡೀತಾ ಇದೆ. ಮನೆಯವರ ಒಪ್ಪಿಗೆ ಪಡೆದು ಮೆದುಳುಗಳನ್ನ ಸಂಶೋಧನೆಗೆ ಕಾಯ್ದಿಡ್ತಾರೆ. ರಸ್ತೆ ಅಪಘಾತದಲ್ಲಿ ಸತ್ತವರ ಮೆದುಳುಗಳೂ ಅದರಲ್ಲಿವೆ. ಆ ದುಃಖದ ಗಳಿಗೆಯಲ್ಲೂ ಹೂಂ ಅಂದ ಕುಟುಂಬಗಳಿಂದ ನಮ್ಮ ವಿಜ್ಞಾನಿಗಳು ಕಲೀತಿದ್ದಾರೆ.

ಗ್ಲೌಸ್ ಹಾಕಿ ಒಂದು ಮೆದುಳನ್ನ ಕೈಗೆ ಕೊಟ್ರು. ಅಂದುಕೊಂಡಿದ್ದಕ್ಕಿಂತ ಭಾರ ಇತ್ತು. ಆರೋಗ್ಯವಂತ ಮೆದುಳಿನ ಮೇಲೆ ಆಳವಾದ ಮಡಿಕೆಗಳು. ಬಾವು ಬಂದ ಮೆದುಳಿನಲ್ಲಿ ಬುರುಡೆಗೆ ಒತ್ತಿ ಒತ್ತಿ ಆ ಮಡಿಕೆಗಳು ಚಪ್ಪಟೆಯಾಗಿರ್ತವೆ, ನಡುವಿನ ಗೆರೆಗಳು ಮುಚ್ಚಿಹೋಗಿರ್ತವೆ. ನನಗೆ ಆ ಕಾಗದದ ಮೇಲಿನ ನನ್ನ ಸಹಿ ನೆನಪಾಯ್ತು.

ಇದೇ ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ 2002ರಲ್ಲಿ ಭಾರತದ ಮೆದುಳಿನ ಗಾಯಗಳ ಬಗ್ಗೆ ಬರೆದಾಗ ಹೇಳಿದ ಲೆಕ್ಕ ಇದು: ಸುಮಾರು ಶೇ 60 ರಸ್ತೆ ಅಪಘಾತದಿಂದ, ಶೇ 20ರಿಂದ 25 ಬಿದ್ದು ಆದವು, ಸುಮಾರು ಶೇ 10 ಹೊಡೆದಾಟದಿಂದ. ಕರ್ನಾಟಕದಲ್ಲಿ 108 ಆಂಬ್ಯುಲೆನ್ಸ್ ಬಂದಿದ್ದು 2008ರಲ್ಲಿ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಆಗಿದ್ದು 2016ರ ಜನವರಿಯಲ್ಲಿ. ನಮ್ಮೂರಲ್ಲಿ ಹೆಲ್ಮೆಟ್ ಹಾಕಿದವನನ್ನ "ಎಲ್ಲಿಗಪಾ, ಬೆಂಗಳೂರಿಗಾ?" ಅಂತ ನಗೋದು ಇನ್ನೂ ಇದೆ.

ಕೊನೆಗೆ

ಕಾಕಾ ಈಗ ಮತ್ತೆ ಅಂಗಡಿಗೆ ಹೋಗ್ತಾರೆ. ಆದ್ರೆ ಕಥೆ ಅಲ್ಲಿಗೆ ಮುಗಿಲಿಲ್ಲ. ಎಂಟು ತಿಂಗಳಾದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಫಿಟ್ಸ್ ಬಂತು. ತಲೆಗೆ ಜೋರು ಪೆಟ್ಟು ಬಿದ್ದ ಕೆಲವರಿಗೆ ತಿಂಗಳು, ವರ್ಷ ಕಳೆದ ಮೇಲೆ ಹೀಗಾಗುತ್ತೆ. ಇಸ್ರೇಲ್‌ನ ಅಲೊನ್ ಫ್ರೀಡ್‌ಮನ್, ಅಮೆರಿಕದ ಬರ್ಕ್ಲಿಯ ಡೇನಿಯೆಲಾ ಕಾಫರ್ ಅವರ ತಂಡಗಳು 2004ರಿಂದ ಈಚೆಗೆ ಇಲಿಗಳಲ್ಲಿ ಒಂದು ಕಾರಣ ತೋರಿಸಿವೆ. ಒಡೆದ ಗೋಡೆಯಿಂದ ಸೋರಿದ ಅಲ್ಬುಮಿನ್ ಆಸ್ಟ್ರೋಸೈಟ್ ಕೋಶಗಳ ನಡವಳಿಕೆಯನ್ನೇ ಬದಲಿಸುತ್ತೆ. ಆಮೇಲೆ ಆ ಜಾಗದ ನರಕೋಶಗಳು ಸಣ್ಣ ಪ್ರಚೋದನೆಗೂ ಕೆರಳೋ ಹಾಗೆ ಆಗ್ತವೆ. ಕಾಕಾಗೆ ಆಗಿದ್ದು ಇದೇನಾ ಅಂತ ಯಾರೂ ಖಚಿತವಾಗಿ ಹೇಳೋಕಾಗಲ್ಲ. ದಿನಕ್ಕೆ ಎರಡು ಮಾತ್ರೆ ನುಂಗ್ತಾರೆ. ಬೈಕ್ ಓಡಿಸೋ ಹಾಗಿಲ್ಲ. ಬೆಳಿಗ್ಗೆ ನಾನೇ ಅಂಗಡಿಗೆ ಬಿಟ್ಟು ಬರ್ತೀನಿ. ಇಬ್ಬರಿಗೂ ಹೆಲ್ಮೆಟ್.

ಈ ಸಂಚಿಕೆಯಿಂದ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಿ. ತಲೆಗೆ ಪೆಟ್ಟು ಬಿದ್ದವರು ಎದ್ದು ಕೂತು ಚಹಾ ಕುಡಿದ್ರು ಅಂದ್ರೆ ಮುಗೀತು ಅಂತ ಅಲ್ಲ. ಒಳಗಿನ ಗೋಡೆ ಇನ್ನೂ ಬಿಚ್ಚಿಕೊಳ್ತಾ ಇರಬಹುದು. ಪದೇ ಪದೇ ವಾಂತಿ, ಏರ್ತಾ ಹೋಗೋ ತಲೆನೋವು, ಎಬ್ಬಿಸಿದ್ರೂ ಏಳದಂಥ ನಿದ್ದೆ, ತೊದಲು ಮಾತು, ಒಂದು ಕೈಕಾಲಿನ ಬಲ ಕಡಿಮೆಯಾಗೋದು, ಫಿಟ್ಸ್, ಮಾತಲ್ಲಿ ಗೊಂದಲ. ಇದರಲ್ಲಿ ಯಾವುದು ಕಂಡ್ರೂ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಡಾಕ್ಟರು ಇನ್ನೂ ಎರಡು ದಿನ ಇರಿ ಅಂದ್ರೆ, ಇರಿ. ನಾನು ಮಾಡಿದ ಸಹಿ ನೀವು ಮಾಡಬೇಡಿ.

ಟ್ರ್ಯಾಕ್ಟರ್ ಓಡಿಸೋ ಅಣ್ಣಂದಿರು ಯಾರಾದ್ರೂ ಕೇಳ್ತಾ ಇದ್ರೆ ಒಂದು ವಿನಂತಿ. ರಾತ್ರಿ ಹೊರಡೋ ಮುಂಚೆ ಹಿಂದಿನ ಟ್ರೇಲರ್‌ನ ರಿಫ್ಲೆಕ್ಟರ್ ಮೇಲಿನ ರವದಿ ಒಮ್ಮೆ ಸರಿಸಿಬಿಡಿ. ಒಂದು ನಿಮಿಷದ ಕೆಲಸ.

ಮುಂದಿನ ವಾರ ಮತ್ತೆ ಸಿಗೋಣ. ಹುಷಾರಾಗಿ ಹೋಗಿ ಬನ್ನಿ. ನಮಸ್ಕಾರ.